‘ನಾಳೆ ಬಾ’ ದೆವ್ವ ಸಿನಿಮಾಗೆ ಹೋಗಿ ವೇಶ್ಯೆ ಆಗಿದ್ದೇಕೆ?

‘ನಾಳೆ ಬಾ’ ಅಂತ ಬಾಗಿಲ ಮೇಲೆ ಬರೆದಿದ್ದು ನಲವತ್ತು ದಾಟಿದ ಬಹಳಷ್ಟು ಜನರಿಗೆ ನೆನಪಿರುತ್ತೆ. 1990ರ ದಶಕದಲ್ಲಿ ಬೆಂಗಳೂರು ಸುತ್ತಮುತ್ತ ಹಬ್ಬಿದ ಸುದ್ದಿ ಅದು. ರಾತ್ರಿ ಹೆಣ್ಣು ದೆವ್ವ ಬಂದು ಮನೆಯವರದೇ ದನಿಯಲ್ಲಿ ಕೂಗುತ್ತೆ, ಬಾಗಿಲು ತೆಗೆದರೆ ಕಥೆ ಮುಗೀತು. ಬಾಗಿಲ ಮೇಲೆ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತೆ. ಅಂಗಡಿಗಳಲ್ಲಿ ತೂಗುಹಾಕೋ ‘ಇಂದು ನಗದು, ನಾಳೆ ಉದ್ರಿ’ ಬೋರ್ಡಿನ ಲೆಕ್ಕವೇ.

2018ರಲ್ಲಿ ಬಂದ ಹಿಂದಿ ಸಿನಿಮಾ ‘ಸ್ತ್ರೀ’ಗೆ ಸ್ಫೂರ್ತಿ ನಮ್ಮ ಈ ಕಥೆಯೇ. ನಿರ್ದೇಶಕ ಅಮರ್ ಕೌಶಿಕ್. ಕಥೆ ಮಧ್ಯಪ್ರದೇಶದ ಚಂದೇರಿಗೆ ಹೋಯ್ತು, ಗೋಡೆ ಮೇಲೆ ‘ಓ ಸ್ತ್ರೀ, ಕಲ್ ಆನಾ’ ಅಂತ ಬಂತು. ಇಷ್ಟು ಬಹಳ ಜನಕ್ಕೆ ಗೊತ್ತು. ಆದರೆ ದಾರಿಯಲ್ಲಿ ಇನ್ನೊಂದು ಬದಲಾವಣೆ ಆಯ್ತು. ನಮ್ಮ ಕಡೆ ಕೇಳ್ತಿದ್ದ ಕಥೆಯಲ್ಲಿ ಆ ದೆವ್ವ ಯಾರು, ಏನು ಕೆಲಸ ಮಾಡ್ತಿದ್ದಳು ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹೆಚ್ಚೆಂದರೆ ಗಂಡನನ್ನು ಹುಡುಕೋ ಮದುಮಗಳು ಅಂತಿದ್ದರು. ಸಿನಿಮಾದಲ್ಲಿ ಅವಳು ಊರಿನ ಗಂಡಸರೆಲ್ಲ ಆಸೆಪಟ್ಟ ವೇಶ್ಯೆ. ನಿಜವಾಗಿ ಪ್ರೀತಿಸೋನು ಒಬ್ಬ ಸಿಕ್ಕಿದ, ಮದುವೆಯ ರಾತ್ರಿಯೇ ಊರಿನವರು ಇಬ್ಬರನ್ನೂ ಕೊಂದರು. ಅದಕ್ಕೇ ಅವಳು ಗಂಡಸರ ಮೇಲೆ ತಿರುಗಿಬಿದ್ದಳು.

ಬರೆದವರಿಗೆ ವೇಶ್ಯೆಯೇ ಯಾಕೆ ಬೇಕಾಯ್ತು? ದೆವ್ವಕ್ಕೆ ಸಿಟ್ಟು ಬರಬೇಕಾದರೆ ಮೊದಲು ಅನ್ಯಾಯ ಆಗಬೇಕು. ಯಾರಿಗೆ ಅನ್ಯಾಯ ಮಾಡಿದರೂ ಊರು ಸುಮ್ಮನಿರುತ್ತೆ ಅಂತ ನೋಡುವವರು ತಕ್ಷಣ ನಂಬುತ್ತಾರೋ ಅಂಥವಳು ಬೇಕು. ಅವಳು ಸತ್ತರೆ ಪೊಲೀಸ್ ಯಾಕೆ ಬರಲಿಲ್ಲ, ಅಣ್ಣತಮ್ಮಂದಿರು ಎಲ್ಲಿ ಅಂತ ಥಿಯೇಟರಿನಲ್ಲಿ ಕೂತವರು ಕೇಳೋದೇ ಇಲ್ಲ.

ಮೊದಲ ಹತ್ತು ನಿಮಿಷದ ಹೆಣ

ಹಾರರ್ ಸಿನಿಮಾಗಳಲ್ಲಿ ಇದು ಹಳೇ ರೂಢಿ. ಇಂಗ್ಲೆಂಡಿನ ‘ಪೀಪಿಂಗ್ ಟಾಮ್’ (1960) ಶುರುವಾಗೋದೇ ಒಬ್ಬ ಲೈಂಗಿಕ ಕಾರ್ಯಕರ್ತೆಯ ಕೊಲೆಯಿಂದ. ಕೊಲೆಗಾರನ ಕೈಯಲ್ಲಿ ಕ್ಯಾಮೆರಾ ಇದೆ, ಅವಳ ಹಿಂದೆ ಹೋಗಿ ಅವಳು ಸಾಯೋದನ್ನು ಚಿತ್ರೀಕರಿಸ್ತಾನೆ. ಆಮೇಲೆ ಪೂರ್ತಿ ಸಿನಿಮಾ ಅವನ ಮನಸ್ಸು, ಅವನ ಬಾಲ್ಯ, ಅವನ ಅಪ್ಪನ ಬಗ್ಗೆ. ಅವಳ ಮನೆಯಲ್ಲಿ ಯಾರಿದ್ದರು ಅನ್ನೋದು ಲೆಕ್ಕಕ್ಕೇ ಇಲ್ಲ.

ಈ ರೂಢಿಗೆ ದೊಡ್ಡ ಉದಾಹರಣೆ ಲಂಡನ್ನಿನ ಜ್ಯಾಕ್ ದಿ ರಿಪ್ಪರ್. 1888ರಲ್ಲಿ ವೈಟ್‌ಚಾಪೆಲ್ ಎಂಬ ಬಡವರ ಬಡಾವಣೆಯಲ್ಲಿ ಐವರು ಹೆಂಗಸರ ಕೊಲೆ ಆಯ್ತು. ಕೊಂದವನು ಸಿಗಲೇ ಇಲ್ಲ. ಅವನ ಮೇಲೆ ಸಿನಿಮಾ ಮೇಲೆ ಸಿನಿಮಾ ಬಂದವು, ಜಾನಿ ಡೆಪ್ ನಟಿಸಿದ ‘ಫ್ರಮ್ ಹೆಲ್’ (2001) ಕೂಡ ಅದರಲ್ಲೊಂದು. ಎಲ್ಲದರಲ್ಲೂ ಸತ್ತವರು ‘ವೇಶ್ಯೆಯರು’, ಅಷ್ಟೇ. 2019ರಲ್ಲಿ ಹ್ಯಾಲಿ ರೂಬೆನ್‌ಹೋಲ್ಡ್ ಎಂಬ ಇತಿಹಾಸಕಾರ್ತಿ ‘ದಿ ಫೈವ್’ ಪುಸ್ತಕ ಬರೆದು, ಐವರಲ್ಲಿ ಮೂವರು ಆ ಕೆಲಸ ಮಾಡ್ತಿದ್ದರು ಅನ್ನೋಕೆ ಗಟ್ಟಿ ಸಾಕ್ಷಿಯೇ ಇಲ್ಲ ಅಂತ ತೋರಿಸಿದರು. ಬಡವರು, ಗಂಡನಿಂದ ದೂರವಾದವರು, ರಾತ್ರಿ ಮಲಗೋಕೆ ಜಾಗ ಇಲ್ಲದವರು. ರಾತ್ರಿ ಬೀದಿಯಲ್ಲಿದ್ದ ಹೆಂಗಸು ಅಂದರೆ ‘ಅಂಥವಳೇ’ ಅಂತ ಆಗಿನ ಪೊಲೀಸರೂ ಪತ್ರಿಕೆಯವರೂ ಬರೆದುಬಿಟ್ಟರು. ಸಿನಿಮಾದವರು ಅದನ್ನೇ ನೂರು ವರ್ಷ ಎಳೆದರು. ಉಳಿದವರು ನಿಜವಾಗಿ ಆ ಕೆಲಸ ಮಾಡ್ತಿದ್ದರೂ ಕೊಲೆ ಕೊಲೆಯೇ ಅಲ್ವಾ?

ಎರಡನೇ ಅಚ್ಚು ನಮಗೆ ಚೆನ್ನಾಗಿ ಪರಿಚಯ: ಸತ್ತ ಮೇಲೆ ಶಕ್ತಿ ಪಡೆಯುವವಳು. ‘ಆಪ್ತಮಿತ್ರ’ದ ನಾಗವಲ್ಲಿ ನರ್ತಕಿ, ಲೈಂಗಿಕ ಕಾರ್ಯಕರ್ತೆ ಅಲ್ಲ. ಆದರೂ ಅಚ್ಚು ಅದೇ. ರಾಜನಿಗೆ ಅವಳು ಬೇಕು, ಅವಳಿಗೆ ಬೇರೊಬ್ಬ ಬೇಕು, ಕೊನೆಗೆ ಕೊಲೆ, ಸೇಡು. ಬದುಕಿದ್ದಾಗ ಬಾಯಿಲ್ಲದವಳಿಗೆ ಸತ್ತ ಮೇಲೆ ಡೈಲಾಗ್ ಸಿಗುತ್ತೆ.

‘ಲಾಸ್ಟ್ ನೈಟ್ ಇನ್ ಸೋಹೋ’ (2021) ಇದನ್ನು ಉಲ್ಟಾ ಮಾಡಿತು. ಗಾಯಕಿ ಆಗಬೇಕು ಅಂತ ಬಂದ ಹುಡುಗಿಯನ್ನು ನಂಬಿಸಿದವನೇ ದಂಧೆಗೆ ತಳ್ಳುತ್ತಾನೆ. ಇಲ್ಲಿ ದೆವ್ವಗಳು ಗಿರಾಕಿಗಳು, ಮುಖವೇ ಇಲ್ಲದ ಗಂಡಸರು. ನನಗೆ ಭಯ ಆಗಿದ್ದು ಆ ದೃಶ್ಯಗಳಲ್ಲೇ. ಕೊನೆಗೆ (ನೋಡದವರು ಮುಂದಿನ ಸಾಲು ಬಿಟ್ಟುಬಿಡಿ) ಆ ಹುಡುಗಿಯನ್ನೇ ಕೊಲೆಗಾರ್ತಿ ಮಾಡಿ, ಕಟ್ಟಿದ್ದನ್ನು ಅರ್ಧ ತಾವೇ ಕೆಡವಿದರು.

‘ಸ್ತ್ರೀ’ ಇವೆಲ್ಲದಕ್ಕಿಂತ ಒಂದು ಹೆಜ್ಜೆ ಮುಂದೆ. ಆ ದೆವ್ವಕ್ಕೆ ಬೇಕಿದ್ದದ್ದು ಪ್ರೀತಿ ಮತ್ತು ಮರ್ಯಾದೆ. ಹಿಂದಿನಿಂದ ಹೆಸರು ಹಿಡಿದು ಕೂಗ್ತಾಳೆ, ತಿರುಗಿ ನೋಡಿದವನನ್ನು ಮಾತ್ರ ಒಯ್ತಾಳೆ. ಬಲವಂತ ಮಾಡೋಕೆ ಇವಳೇನು ಗಂಡಸಾ ಅನ್ನೋ ಅರ್ಥದ ತಮಾಷೆಯೂ ಇದೆ. ಊರನ್ನು ಕಾಪಾಡೋ ಟೈಲರ್ ವಿಕ್ಕಿ ಕೂಡ ವೇಶ್ಯೆಯ ಮಗ. ಅದನ್ನು ಬಾಯಿಬಿಟ್ಟು ಹೇಳೋಕೆ ಗೆಳೆಯರೇ ತಡವರಿಸ್ತಾರೆ, ಥಿಯೇಟರಿನಲ್ಲಿ ಅಲ್ಲೇ ಜೋರು ನಗು. ಕೊನೆಗೆ ಗೋಡೆ ಬರಹ ಬದಲಾಗಿ ‘ಓ ಸ್ತ್ರೀ, ರಕ್ಷಾ ಕರ್‌ನಾ’ ಆಗುತ್ತೆ. ಇಷ್ಟೆಲ್ಲ ಆದರೂ ಅವಳಿಗೆ ಹೆಸರಿಲ್ಲ, ಸ್ತ್ರೀ ಅಷ್ಟೇ.

ಕೋರ್ಟಿನಲ್ಲಿ ಹೀಗಾಯ್ತು

1999ರಲ್ಲಿ ಕೋಲ್ಕತ್ತಾದಲ್ಲಿ ಒಬ್ಬ ಲೈಂಗಿಕ ಕಾರ್ಯಕರ್ತೆಯ ಕೊಲೆ ಆಯ್ತು. ಕೊಂದವನ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲಿಗೇ ಬಿಡದೆ, ಈ ಹೆಂಗಸರ ಪುನರ್ವಸತಿಗೆ ಸಮಿತಿಯನ್ನೂ ಮಾಡಿತು. ಅದೇ ಪ್ರಕರಣದಲ್ಲಿ 2022ರ ಮೇ 19ರಂದು ಬಂದ ಆದೇಶ ಇವತ್ತಿಗೂ ಮುಖ್ಯ. ಇವರನ್ನು ಪೊಲೀಸರು ಮರ್ಯಾದೆಯಿಂದ ನಡೆಸಿಕೊಳ್ಳಬೇಕು, ಬಯ್ಯೋದು, ಹೊಡೆಯೋದು ಮಾಡಬಾರದು. ದೌರ್ಜನ್ಯ ಆದರೆ ಬೇರೆ ಹೆಣ್ಣುಮಕ್ಕಳಿಗೆ ಸಿಗೋ ಚಿಕಿತ್ಸೆ, ಕಾನೂನು ನೆರವು ಇವರಿಗೂ ಸಿಗಬೇಕು. ಸ್ವಇಚ್ಛೆಯ ಲೈಂಗಿಕ ವೃತ್ತಿ ಅಪರಾಧ ಅಲ್ಲ, ವೇಶ್ಯಾಗೃಹ ನಡೆಸೋದು ಅಪರಾಧ.

ಇನ್ನೊಂದು ಮಾತು ನೇರವಾಗಿ ನಮ್ಮಂಥ ಸುದ್ದಿಯವರಿಗೆ: ದಾಳಿ, ಬಂಧನ, ರಕ್ಷಣೆ ಯಾವುದೇ ಇರಲಿ, ಆ ಹೆಂಗಸರ ಗುರುತು ಸಿಗೋ ಫೋಟೋ, ವಿವರ ಹಾಕಬಾರದು. ಲಾಡ್ಜ್ ಮೇಲೆ ದಾಳಿ ಅಂತ ಮುಖ ಮುಚ್ಚಿಕೊಂಡು ಕೂತ ಹೆಂಗಸರ ಫೋಟೋ ಊರಿನ ವಾಟ್ಸಾಪ್ ಗ್ರೂಪುಗಳಲ್ಲಿ ಎಷ್ಟು ಬೇಗ ಓಡಾಡುತ್ತೆ ಅಂತ ನಿಮಗೇ ಗೊತ್ತು.

ಅಂದ ಹಾಗೆ, ಸುಪ್ರೀಂ ಕೋರ್ಟಿನ ಆ ಪ್ರಕರಣವನ್ನು ವಕೀಲರು ಕರೆಯೋದು ‘ಬುದ್ಧದೇವ್ ಕರ್ಮಾಸ್ಕರ್ ಪ್ರಕರಣ’ ಅಂತ. ಅದು ಕೊಂದವನ ಹೆಸರು.