ಲಕ್ಷ ಜನ ಬರುವ ದಿನದ ಲೆಕ್ಕ

2023ರ ಜನವರಿ 2ರ ಸಂಜೆ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ದೇಹತ್ಯಾಗ ಮಾಡಿದರು. ಮರುದಿನ ಪಾರ್ಥಿವ ಶರೀರವನ್ನು ಸಾರ್ವಜನಿಕ ದರ್ಶನಕ್ಕೆಂದು ಸೈನಿಕ ಶಾಲೆಯ ಮೈದಾನಕ್ಕೆ ಒಯ್ದರು. ಜಿಲ್ಲೆಯ ಶಾಲೆ, ಕಾಲೇಜು, ಕಚೇರಿಗಳಿಗೆ ರಜೆ ಕೊಟ್ಟರು. ಸಂಚಾರದ ಲೆಕ್ಕದಲ್ಲಿ ಎರಡೂ ದೊಡ್ಡ ನಿರ್ಧಾರಗಳೇ. ಒಂದರಿಂದ ಜಾಗ ಹಿಗ್ಗಿತು, ಇನ್ನೊಂದರಿಂದ ನಿತ್ಯದ ಓಡಾಟ ತಗ್ಗಿತು.

ಆದರೆ ಇಂಥ ದಿನ ಮೈದಾನದ ವಿಸ್ತಾರಕ್ಕಿಂತ ದಾರಿಯಲ್ಲಿ ಅತಿ ಇಕ್ಕಟ್ಟಾದ ಜಾಗವೇ ಎಲ್ಲವನ್ನೂ ನಿರ್ಧರಿಸುತ್ತದೆ. ಒಂದು ಸಾಲಿನಲ್ಲಿ ಸೆಕೆಂಡಿಗೆ ಒಬ್ಬರು ಕೈಮುಗಿದು ಸರಿದರೆ ತಾಸಿಗೆ 3,600 ಮಂದಿ. ನಾಲ್ಕು ಸಾಲುಗಳಿದ್ದರೂ ಒಂದು ಲಕ್ಷ ಜನಕ್ಕೆ ಸುಮಾರು 7 ತಾಸು ಬೇಕು. ಪ್ರತಿಯೊಬ್ಬರೂ ಎರಡು ಸೆಕೆಂಡ್ ನಿಂತರೆ ಅದು 14 ತಾಸು! ಹಿಂದಿನವರು ಎಷ್ಟು ನೂಕಿದರೂ ಈ ಲೆಕ್ಕ ಬದಲಾಗದು, ಒತ್ತಡವಷ್ಟೇ ಏರುತ್ತದೆ. ಚದರ ಮೀಟರಿಗೆ ನಾಲ್ಕು ಜನರಿರುವ ತನಕ ನಮ್ಮ ಹೆಜ್ಜೆ ನಮ್ಮ ಹಿಡಿತದಲ್ಲಿರುತ್ತದೆ. ಆರೇಳು ಜನರಾದರೆ ಗುಂಪು ನೀರಿನಂತೆ ತುಳುಕತೊಡಗುತ್ತದೆ. ಉಸಿರೆಳೆಯಲು ಎದೆ ಹಿಗ್ಗುವುದಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು.

ಹಾಗಾಗಿ ದಟ್ಟಣೆಯನ್ನು ಗೇಟಿನಲ್ಲಿ ತಡೆಯುವುದು ತಡವಾದ ಕೆಲಸ. ಊರ ಹೊರಗೇ ತಡೆದು, ತಂಡತಂಡವಾಗಿ ಬಿಡಬೇಕು.

ಅಥಣಿ ಕಡೆಯವರು ವಿಜಯಪುರಕ್ಕೆ ತಿಕೋಟಾ ಮೇಲೆ ಬರುತ್ತಾರೆ, ಜಮಖಂಡಿ ಕಡೆಯವರು ಬಬಲೇಶ್ವರದ ಮೇಲೆ. ಈ ಹಾದಿಗಳಲ್ಲಿ ಕಾರು, ಬೈಕು ನಿಲ್ಲಿಸಿ ಅಲ್ಲಿಂದ ಬಸ್ಸು ಬಿಡುವುದೇ ಸರಿಯಾದ ಉಪಾಯ. ಸಾವಿರ ಜನ ನಾಲ್ವರಂತೆ ಕಾರಿನಲ್ಲಿ ಬಂದರೆ 250 ಕಾರು. ತಿರುಗಿಸುವ ಜಾಗವೂ ಸೇರಿ ಕಾರಿಗೆ 25 ಚದರ ಮೀಟರ್ ಹಿಡಿದರೆ ಒಂದೂವರೆ ಎಕರೆ ಬೇಕು. ಅಷ್ಟೇ ಜನಕ್ಕೆ 50 ಸೀಟಿನ 20 ಬಸ್ಸು ಸಾಕು, ಅವೂ ಜನರನ್ನಿಳಿಸಿ ಮತ್ತೊಂದು ಸುತ್ತು ಹೊರಡುತ್ತವೆ. ಜನವರಿಯಲ್ಲಿ ಇಲ್ಲಿನ ಎರೆಹೊಲಗಳಲ್ಲಿ ಬಿಳಿಜೋಳ ನಿಂತಿರುತ್ತದೆ. ಆದ್ದರಿಂದ ಖಾಲಿ ಬಯಲನ್ನು ಮೊದಲೇ ಗುರುತಿಸಿಡಬೇಕು.

ಯೋಜನೆಗಳು ಹೆಚ್ಚಾಗಿ ಎಡವುವುದು ಮರಳುವ ಹೊತ್ತಿನಲ್ಲಿ. ಬರುವವರು ದಿನವಿಡೀ ಬರುತ್ತಾರೆ, ಏಳುವಾಗ ಎಲ್ಲರೂ ಒಮ್ಮೆಲೇ ಏಳುತ್ತಾರೆ. ಹೋಗುವ ದಾರಿ ಬರುವ ದಾರಿಗಿಂತ ಅಗಲವಿರಬೇಕು, ಎರಡೂ ಎದುರುಬದುರಾಗಬಾರದು.

ಸಂಕ್ರಾಂತಿಯ ಹೊತ್ತಿಗೆ ನಗರದಲ್ಲಿ ಸಿದ್ಧೇಶ್ವರ ದೇವಸ್ಥಾನದ ಜಾತ್ರೆ ಪ್ರತಿವರ್ಷ ನಡೆಯುತ್ತದೆ. ಅಲ್ಲಿಗೂ ಇದೇ ಲೆಕ್ಕ. ಹೋಗುವವರು ಬಸ್ಸು ಹಿಡಿಯಲಿ, ಆಂಬುಲೆನ್ಸಿಗೆ ಬಿಟ್ಟ ದಾರಿಯಲ್ಲಿ ಬೈಕು ನುಗ್ಗಿಸದಿರಲಿ.