ಹೈಬ್ರಿಡ್ ರೇಸ್ ಕಾರು: ವೇಗಕ್ಕಿಂತ ಮೊದಲು ಭರವಸೆ



ಮನೆಯ ಇನ್ವರ್ಟರ್ ಎಷ್ಟೇ ದೊಡ್ಡದಿರಲಿ, ಕರೆಂಟು ಹೋದ ಹೊತ್ತಿಗೆ ಅದು ಕೈಕೊಟ್ಟರೆ ಕತ್ತಲೆಯಲ್ಲೇ ಕೂರಬೇಕು. ಅಮೆರಿಕದ ಇಂಡಿಕಾರ್ ರೇಸಿನ ತಂಡಗಳಿಗೂ 2024ರಿಂದ ಇದೇ ಚಿಂತೆ. ಅದನ್ನು ಸರಳವಾಗಿ ವಿವರಿಸುವ ಪ್ರಯತ್ನ ಇದು.

ಇಂಡಿಕಾರ್ ಎಂದರೆ ಒಬ್ಬರೇ ಕೂರುವ, ಚಕ್ರಗಳ ಮೇಲೆ ಮುಚ್ಚಿಗೆ ಇಲ್ಲದ ಕಾರು. 2.2 ಲೀಟರಿನ, ಎರಡು ಟರ್ಬೊ ಇರುವ ವಿ6 ಎಂಜಿನ್‌ಗಳನ್ನು ಹೋಂಡಾ ಮತ್ತು ಶೆವರ್ಲೆ ಕಂಪನಿಗಳು ಒದಗಿಸುತ್ತವೆ. ರೇಸುಗಳು ಊರಿನ ರಸ್ತೆಯಲ್ಲೂ ನಡೆಯುತ್ತವೆ, ಅಂಡಾಕಾರದ ಓವಲ್ ಟ್ರ್ಯಾಕಿನಲ್ಲೂ ನಡೆಯುತ್ತವೆ. ಓವಲ್‌ಗಳಲ್ಲಿ ಹೆಸರಾದದ್ದು ಇಂಡಿಯಾನಾಪೊಲಿಸ್. ಅಲ್ಲಿ ಒಂದು ಸುತ್ತು 2.5 ಮೈಲಿ, ಅಂದರೆ ಸುಮಾರು 4 ಕಿಲೋಮೀಟರ್. ಇಂಥ 200 ಸುತ್ತು ಹಾಕಿದರೆ 500 ಮೈಲಿ.

2024ರ ಜುಲೈನಲ್ಲಿ ಈ ಕಾರುಗಳಿಗೆ ಹೈಬ್ರಿಡ್ ವ್ಯವಸ್ಥೆ ಬಂತು. ಮೊದಲು 2022ಕ್ಕೆ ಎಂದು ಯೋಜಿಸಿದ್ದು ಹಲವು ಬಾರಿ ಮುಂದಕ್ಕೆ ಹೋಗಿತ್ತು. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಇಕ್ಕಟ್ಟಿನ ಜಾಗದಲ್ಲಿ ಒಂದು ಮೋಟಾರು ಮತ್ತು ಸೂಪರ್ ಕೆಪಾಸಿಟರ್‌ಗಳನ್ನು ಕೂರಿಸಿದ್ದಾರೆ. ವ್ಯವಸ್ಥೆ 48 ವೋಲ್ಟಿನದು. ಸೂಪರ್ ಕೆಪಾಸಿಟರ್ ಬ್ಯಾಟರಿಯಷ್ಟು ವಿದ್ಯುತ್ ಹಿಡಿದಿಡುವುದಿಲ್ಲ. ಆದರೆ ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ. ಚಾಲಕ ಗುಂಡಿ ಒತ್ತಿದರೆ ಕೆಲವು ಸೆಕೆಂಡು ಸುಮಾರು 60 ಎಚ್.ಪಿ. ಹೆಚ್ಚಿಗೆ ಸಿಗುತ್ತದೆ. ಪಂಪ್‌ಸೆಟ್ಟಿನ ಲೆಕ್ಕದಲ್ಲಿ ಹೇಳುವುದಾದರೆ, 5 ಎಚ್.ಪಿ.ಯ 12 ಮೋಟಾರುಗಳ ಬಲ.

ಹಾಗಾದರೆ ವಿದ್ಯುತ್ ತುಂಬುವುದು ಹೇಗೆ? ರಸ್ತೆಯ ಟ್ರ್ಯಾಕಿನಲ್ಲಿ ತಿರುವಿಗೊಮ್ಮೆ ಬ್ರೇಕ್ ಹಾಕುತ್ತಾರೆ, ಆಗ ಮೋಟಾರು ಡೈನಮೋದಂತೆ ಕೆಲಸ ಮಾಡುತ್ತದೆ. ಇಂಡಿಯಾನಾಪೊಲಿಸ್‌ನಂಥ ದೊಡ್ಡ ಓವಲ್‌ನಲ್ಲಿ ಬ್ರೇಕ್ ಹಾಕುವುದೇ ಅಪರೂಪ. ಆದ್ದರಿಂದ ಚಾಲಕ ಮುಂದಿನ ಕಾರಿನ ಹಿಂದೆ ಗಾಳಿಯ ತಡೆ ಕಡಿಮೆ ಇರುವಾಗ, ಅಥವಾ ಆಕ್ಸಿಲರೇಟರ್ ತುಸು ಬಿಡುವಾಗ, ಸ್ಟೀರಿಂಗಿನ ಹಿಂದಿರುವ ಪ್ಯಾಡಲ್ ಎಳೆದು ತುಂಬಿಕೊಳ್ಳುತ್ತಾನೆ. ಹೊತ್ತು ತಪ್ಪಿ ಎಳೆದರೆ ವೇಗ ಕುಸಿಯುತ್ತದೆ, ಹಿಂದಿನವನು ದಾಟಿಹೋಗುತ್ತಾನೆ.

ಲಾಭ ಇಷ್ಟೇ ಅಲ್ಲ. ಮೊದಲು ಎಂಜಿನ್ ನಿಂತುಹೋದರೆ ಸಿಬ್ಬಂದಿ ಓಡಿಬಂದು ಹೊರಗಿನ ಸ್ಟಾರ್ಟರ್ ಹಚ್ಚಬೇಕಿತ್ತು, ಅಷ್ಟು ಹೊತ್ತು ಹಳದಿ ಬಾವುಟದಡಿ ಎಲ್ಲರೂ ನಿಧಾನಕ್ಕೆ ಸಾಗಬೇಕಿತ್ತು. ಈಗ ಚಾಲಕನೇ ಹೈಬ್ರಿಡ್ ಮೋಟಾರಿನಿಂದ ಎಂಜಿನ್ ಎಬ್ಬಿಸಬಹುದು.

ಆದರೆ ಭಾಗ ಹೆಚ್ಚಿದಷ್ಟೂ ಕೆಡುವ ಜಾಗವೂ ಹೆಚ್ಚು. ಹೈಬ್ರಿಡ್ ಮೊದಲ ಬಾರಿ ಓಡಿದ್ದು ಮಿಡ್-ಒಹಾಯೊದಲ್ಲಿ. ಅಂದು ಆರು ಬಾರಿಯ ಚಾಂಪಿಯನ್ ಸ್ಕಾಟ್ ಡಿಕ್ಸನ್ ಅವರ ಕಾರು ಹೈಬ್ರಿಡ್ ದೋಷದಿಂದ ರೇಸ್ ಆರಂಭವಾಗುವ ಮೊದಲೇ ನಿಂತಿತು. ಅವರ ರೇಸು ಅಲ್ಲಿಗೇ ಕೆಟ್ಟಿತು.

ಇನ್ನೊಂದು ಪ್ರಸಂಗ ಓವಲ್‌ನದೇ. 2024ರ ಸೆಪ್ಟೆಂಬರ್ 1ರಂದು ಮಿಲ್ವಾಕಿಯಲ್ಲಿ, ಚಾಂಪಿಯನ್‌ಶಿಪ್‌ನಲ್ಲಿ ಮುಂದಿದ್ದ ಅಲೆಕ್ಸ್ ಪಾಲೊ ಅವರ ಕಾರು ಹಸಿರು ಬಾವುಟಕ್ಕೆ ಮುಂಚೆಯೇ ಬ್ಯಾಟರಿ ತೊಂದರೆಯಿಂದ ಸ್ತಬ್ಧವಾಯಿತು. ದೊಡ್ಡ ಎಂಜಿನ್ ಸರಿಯಾಗಿಯೇ ಇತ್ತು, ಸತ್ತದ್ದು ವಿದ್ಯುತ್ತು. ಸರಿಪಡಿಸಿ ಹೊರಡುವ ಹೊತ್ತಿಗೆ 29 ಸುತ್ತು ಕಳೆದಿತ್ತು. ಅವರು ಬಿಡಲಿಲ್ಲ, 19ನೆಯವರಾಗಿ ಮುಗಿಸಿದರು. ಅವರ ಹಿಂದಿದ್ದ ವಿಲ್ ಪವರ್ ಕೂಡ ಅಂದು ಕಾರು ಸುತ್ತಿಸಿಕೊಂಡು ಪೂರ್ಣ ಲಾಭ ಪಡೆಯಲಾಗಲಿಲ್ಲ. ಎರಡು ವಾರದ ನಂತರ ನ್ಯಾಶ್‌ವಿಲ್ ಓವಲ್‌ನಲ್ಲಿ ಪಾಲೊ ಚಾಂಪಿಯನ್ ಆದರು. ಇಡೀ ವರ್ಷದ ದುಡಿಮೆ ಒಂದು ಬ್ಯಾಟರಿಯ ಕೈಗೆ ಸಿಕ್ಕಿ ಅಂತೂ ಉಳಿದುಕೊಂಡಿತು.

2025ರ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್ 500 ಮೊದಲ ಬಾರಿಗೆ ಹೈಬ್ರಿಡ್ ಕಾರುಗಳೊಂದಿಗೆ ನಡೆಯಿತು. ಗೆದ್ದವರು ಅದೇ ಪಾಲೊ. ಆ ರೇಸು ಗೆದ್ದ ಮೊದಲ ಸ್ಪೇನ್ ದೇಶದವರು ಅವರು.

ಓವಲ್‌ನಲ್ಲಿ ಗಂಟೆಗೆ 350 ಕಿಲೋಮೀಟರ್ ದಾಟುವ ಓಟ, ಕೂದಲೆಳೆಯ ಅಂತರ, ಬಿಡುವಿಲ್ಲದ ಅದುರುವಿಕೆ. ಇಲ್ಲಿ ಒಂದು ವೈರು ಸಡಿಲವಾದರೂ 60 ಎಚ್.ಪಿ.ಗೆ ಬೆಲೆಯಿಲ್ಲ. ಹೊಸ ಶಕ್ತಿ ಸೇರಿಸುವುದು ಅರ್ಧ ಕೆಲಸ. ಕಡೆಯ ಸುತ್ತಿನವರೆಗೆ ಅದು ನಿಲ್ಲದಂತೆ ನೋಡಿಕೊಳ್ಳುವುದು ಉಳಿದರ್ಧ. ಮುಂದಿನ ಸಲ ಟಿ.ವಿ.ಯಲ್ಲಿ ಈ ರೇಸು ಕಂಡರೆ, ಹಸಿರು ಬಾವುಟ ಬೀಸುವ ಮುಂಚಿನ ನಿಧಾನದ ಸುತ್ತನ್ನೂ ಗಮನಿಸಿ. ಕೆಲವೊಮ್ಮೆ ರೇಸಿನ ಹಣೆಬರಹ ಅಲ್ಲೇ ತೀರ್ಮಾನವಾಗಿರುತ್ತದೆ.

— ಕಾರ್ಯದರ್ಶಿ