ನಸುಗುನ್ನಿ ಮದ್ದು ಹೌದು, ಅದಕ್ಕೇ ಜಾಗ್ರತೆ

ವಯಸ್ಸಾದವರ ಕೈ ನಡುಗತೊಡಗಿತು, ಮರೆವು ಹೆಚ್ಚಿತು, ಮಾತಿಲ್ಲದೆ ಮೂಲೆಯಲ್ಲಿ ಕೂರುತ್ತಾರೆ ಅಂದರೆ ಹಳ್ಳಿಯಲ್ಲಿ ಸಲಹೆಗೆ ಬರವಿಲ್ಲ. 'ಒಂದೆಲಗ ಕೊಡಿ' ಎನ್ನುತ್ತಾರೆ ಒಬ್ಬರು. 'ನೀರುಬ್ರಾಹ್ಮಿ ಒಳ್ಳೇದು' ಎನ್ನುತ್ತಾರೆ ಇನ್ನೊಬ್ಬರು. 'ನಸುಗುನ್ನಿ ಬೀಜದ ಹುಡಿ ಹಾಲಲ್ಲಿ ಕದಡಿ ಕೊಡಿ' ಎನ್ನುವವರೂ ಇದ್ದಾರೆ. ಮೂರೂ ನಮ್ಮ ತೋಟ, ಗದ್ದೆ, ಬೇಲಿಗಳಲ್ಲೇ ಸಿಗುವಂಥವು. ಆದರೆ ಯಾವುದು ಅಡುಗೆಮನೆಗೆ, ಯಾವುದು ವೈದ್ಯರ ಕೈಗೆ ಎಂಬುದು ಗೊತ್ತಿರಬೇಕು.

ತಂಬುಳಿಯ ಸೊಪ್ಪು

ಒಂದೆಲಗ (ತುಳುವಿನ ತಿಮರೆ) ಮತ್ತು ನೀರುಬ್ರಾಹ್ಮಿ ಎರಡನ್ನೂ ಬ್ರಾಹ್ಮಿ ಎನ್ನುವುದುಂಟು. ಗಿಡ ಬೇರೆ ಬೇರೆ. ಒಂದೆಲಗಕ್ಕೆ ತೊಟ್ಟಿಗೊಂದೇ ದುಂಡಗಿನ ಎಲೆ. ನೀರುಬ್ರಾಹ್ಮಿಯದು ಜೋಡಿ ಜೋಡಿಯಾದ ಚಿಕ್ಕ ದಪ್ಪ ಎಲೆ, ಬಾಯಿಗಿಟ್ಟರೆ ಕಹಿ. ಆರೋಗ್ಯವಂತ ಹಿರಿಯರಿಗೆ ನೀರುಬ್ರಾಹ್ಮಿಯ ಸಾರವನ್ನು 12 ವಾರ ಕೊಟ್ಟ ಪರೀಕ್ಷೆಗಳಲ್ಲಿ ನೆನಪು ತುಸು ಸುಧಾರಿಸಿದ್ದು ಕಂಡಿದೆ. ಆದರೆ ಅಲ್‌ಝೈಮರ್ಸ್‌ನಂಥ ಮಿದುಳು ಸವೆಯುವ ಕಾಯಿಲೆಯನ್ನು ಇವು ತಡೆದದ್ದಕ್ಕೆ ಗಟ್ಟಿ ಆಧಾರವಿಲ್ಲ. ಊಟಕ್ಕೆ ತಂಬುಳಿ, ಚಟ್ನಿ ಮಾಡಿ ಬಡಿಸಿ, ಅಡ್ಡಿಯಿಲ್ಲ.

ಸೊಪ್ಪು ಎಲ್ಲಿಂದ ಕೊಯ್ಯುತ್ತೀರಿ ಎಂಬುದೂ ಮುಖ್ಯ. ಕೊಳೆರೋಗಕ್ಕೆ ಬೋರ್ಡೋ ಹೊಡೆದ ತೋಟದಲ್ಲಿ ಮೈಲುತುತ್ತು ಕೆಳಗಿನ ಸೊಪ್ಪಿನ ಮೇಲೇ ಬೀಳುತ್ತದೆ. ನೀರುಬ್ರಾಹ್ಮಿಯಂತೂ ಕೊಳಚೆ ನೀರಿನ ಲೋಹಗಳನ್ನು ಹೀರಿಕೊಳ್ಳುವ ಗಿಡ. ಮನೆ ಬಳಿ ಒಂದು ಕುಂಡದಲ್ಲಿ ಬೆಳೆಸಿಕೊಳ್ಳುವುದೇ ಕ್ಷೇಮ.

ನಸುಗುನ್ನಿಯ ಶಕ್ತಿ

ಮುಟ್ಟಿದರೆ ಮೈಯೆಲ್ಲಾ ತುರಿಸುವ ಈ ಬಳ್ಳಿಯ ಕತೆಯೇ ಬೇರೆ. ತೋಟದಲ್ಲಿ ಹೊದಿಕೆ ಬೆಳೆಯಾಗಿ ಹಾಕುವ ತುರಿಕೆಯಿಲ್ಲದ ತಳಿಯೂ ಇದೇ ಜಾತಿಯದು. ಪಾರ್ಕಿನ್ಸನ್ಸ್ ಕಾಯಿಲೆಯಲ್ಲಿ ಮಿದುಳಿನ ಡೋಪಮಿನ್ ತಯಾರಿಸುವ ಕೋಶಗಳು ಸಾಯುತ್ತವೆ. ನಡುಕ, ಬಿಗಿತ, ನಿಧಾನಗತಿ ಬರುವುದು ಅದರಿಂದ. ಇದಕ್ಕೆ ಕೊಡುವ ಮುಖ್ಯ ಮಾತ್ರೆ ಲೆವೊಡೋಪ. ಅದೇ ವಸ್ತುವನ್ನು 1937ರಲ್ಲೇ ಮದರಾಸಿನ ವಿಜ್ಞಾನಿಗಳು ನಸುಗುನ್ನಿ ಬೀಜದಿಂದ ಬೇರ್ಪಡಿಸಿದ್ದರು. ಕಂಪವಾತಕ್ಕೆ ಈ ಬೀಜ ಬಳಸುತ್ತಿದ್ದ ಆಯುರ್ವೇದದ ಅನುಭವಕ್ಕೆ ಹೀಗೊಂದು ಕಾರಣ ಸಿಕ್ಕಿತು.

2004ರಲ್ಲಿ ಲಂಡನ್ನಿನಲ್ಲಿ 8 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಬೀಜದ ಹುಡಿ ಮಾತ್ರೆಗಿಂತ ಬೇಗ ಕೆಲಸ ಮಾಡಿತು. ಆದರೆ 2018ರಲ್ಲಿ 14 ಮಂದಿಗೆ ದಿನಾ ಕೊಟ್ಟು ನೋಡಿದಾಗ ಅರ್ಧದಷ್ಟು ಮಂದಿ ನಡುವೆಯೇ ಬಿಡಬೇಕಾಯಿತು. ಕೆಲವರಿಗೆ ಹೊಟ್ಟೆಯ ತೊಂದರೆ, ಕೆಲವರಿಗೆ ಚಲನೆಯೇ ಹದಗೆಟ್ಟಿತು. ಮುಂದುವರಿಸಿದವರಿಗೆ ಮಾತ್ರೆಯಷ್ಟೇ ಗುಣ ಸಿಕ್ಕಿತು.

ಅಪಾಯ ಎಲ್ಲಿ?

ಮಾತ್ರೆಯಲ್ಲಿ ಲೆವೊಡೋಪ ಎಷ್ಟಿದೆ ಅಂತ ಮೇಲೆಯೇ ಬರೆದಿರುತ್ತದೆ. ಬೀಜದಲ್ಲಿ ಹಾಗಲ್ಲ. ತಳಿ, ಮಣ್ಣು, ಹುರಿಯುವ ಕ್ರಮ ಬದಲಾದಂತೆ ಪ್ರಮಾಣ ಹೆಚ್ಚುಕಡಿಮೆಯಾಗುತ್ತದೆ. ಮದ್ದು ಮಿದುಳಿಗೆ ತಲುಪುವ ಮೊದಲೇ ಕರಗಿಹೋಗದಂತೆ ಮಾತ್ರೆಯಲ್ಲಿ ಕಾರ್ಬಿಡೋಪ ಸೇರಿಸಿರುತ್ತಾರೆ. ಬೀಜದಲ್ಲಿ ಅದಿಲ್ಲ. ಹಾಗಾಗಿ ವಾಕರಿಕೆ ಜಾಸ್ತಿ.

ಮಾತ್ರೆ ತಿನ್ನುವವರಿಗೆ ಗುಟ್ಟಾಗಿ ಈ ಹುಡಿಯನ್ನೂ ಕೊಟ್ಟರೆ ಒಂದೇ ಮದ್ದು ಎರಡು ಪಾಲು ಕೊಟ್ಟ ಹಾಗೆ. ಎದ್ದು ನಿಂತಾಗ ರಕ್ತದೊತ್ತಡ ಇಳಿದು ಬೀಳಬಹುದು. ಇಲ್ಲದವರು ಕಂಡಂತಾಗಬಹುದು, ಬುದ್ಧಿ ಗೊಂದಲವಾಗಬಹುದು. ಮನೆಯವರು ಇದನ್ನು 'ಮರೆವು ಹೆಚ್ಚಾಯಿತು' ಅಂತ ತಿಳಿದು ಇನ್ನೊಂದು ಚಮಚ ಹೆಚ್ಚು ಕೊಟ್ಟರೆ ಮುಗಿಯಿತು! ಹುಡಿ ನಂಬಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಇನ್ನೂ ಅಪಾಯ. ಮೈ ಸೆಟೆದು, ಜ್ವರ ಏರಿ ಜೀವಕ್ಕೇ ಕುತ್ತು ಬರಬಹುದು.

ಮಂಕು ಸೋಮಾರಿತನವಲ್ಲ

ಪಾರ್ಕಿನ್ಸನ್ಸ್ ಇರುವವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆಯೂ ಇರುತ್ತದೆ. ಕೆಲವರಲ್ಲಿ ನಡುಕಕ್ಕಿಂತ ಮೊದಲೇ ಕಾಣಿಸಿಕೊಳ್ಳುತ್ತದೆ. ಅದು ಮಿದುಳಿನ ಬದಲಾವಣೆಯ ಭಾಗ. 'ಮನಸ್ಸು ಗಟ್ಟಿ ಮಾಡಿ' ಅಂದರೆ ಹೋಗುವಂಥದ್ದಲ್ಲ. ನಸುಗುನ್ನಿಯಾಗಲಿ ಒಂದೆಲಗವಾಗಲಿ ಅದಕ್ಕೆ ಉತ್ತರವಲ್ಲ. ಪ್ರತ್ಯೇಕ ಚಿಕಿತ್ಸೆ ಇದೆ, ವೈದ್ಯರಲ್ಲಿ ಬಾಯಿಬಿಟ್ಟು ಹೇಳಬೇಕು. ದಿನಾ ಒಂದಿಷ್ಟು ನಡಿಗೆ, ಕೈಲಾದ ತೋಟದ ಕೆಲಸ ಸಹ ಉಪಕಾರಿ.

ಮರೆವೆಲ್ಲ ಮಿದುಳು ಸವೆತವೂ ಅಲ್ಲ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು, ಮಂಕು ಬರುತ್ತದೆ. ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಚಿಕಿತ್ಸೆಯೂ ಇದೆ. ಸೊಪ್ಪು ಅರೆಯುತ್ತಾ ವರ್ಷ ಕಳೆಯುವ ಮೊದಲು ಇದೊಂದನ್ನು ಮಾಡಿಸಿ. ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿ ಕೊಡುತ್ತಿರುವ ಹುಡಿ, ಕಷಾಯ, ಲೇಹ್ಯಗಳ ಹೆಸರನ್ನೂ ಚೀಟಿಯಲ್ಲಿ ಬರೆದು ಒಯ್ಯಿರಿ.